ನಿಧಾನದ ಹಾಡು, ಹೈದರಾಬಾದಿನ ಕಿವಿ

ಹೈದರಾಬಾದಿನ ಗಜಲ್ ಮೆಹಫಿಲ್‌ಗಳಲ್ಲಿ ಒಂದು ಹಾಡಿನ ಸರದಿ ಬಂದಾಗ ಸಭೆಯ ಚಹರೆಯೇ ಬದಲಾಗುತ್ತದೆ. ಅಲ್ಲಿಯವರೆಗೆ ಹಿಂದಿನ ಸಾಲುಗಳಲ್ಲಿ ನಡೆಯುತ್ತಿದ್ದ ಪಿಸುಮಾತು ನಿಲ್ಲುತ್ತದೆ. ಹಾರ್ಮೋನಿಯಂ ಎರಡು ಸ್ವರ ಹಿಡಿಯುವುದರೊಳಗೆ ಯಾರೋ ಒಬ್ಬರು ‘ವಾಹ್’ ಎಂದಾಗಿರುತ್ತದೆ. ಗಾಯಕ ಇನ್ನೂ ಒಂದು ಶಬ್ದವನ್ನೂ ಆಡಿರುವುದಿಲ್ಲ. ಆ ಹಾಡು ‘ಫಿರ್ ಛಿಡೀ ರಾತ್’. 1982ರ ‘ಬಾಜಾರ್’ ಚಿತ್ರದ್ದು. ಬರೆದವರು ಮಖ್ದೂಮ್ ಮೊಹಿಯುದ್ದೀನ್, ರಾಗ ಕೂಡಿಸಿದವರು ಖಯ್ಯಾಮ್, ಹಾಡಿದವರು ಲತಾ ಮಂಗೇಶ್ಕರ್ ಮತ್ತು ತಲತ್ ಅಜೀಜ್.

ಸಿನಿಮಾ ಹಾಡೊಂದು ನಲವತ್ತು ವರ್ಷ ಬಾಳುವುದು ನಮ್ಮ ದೇಶದಲ್ಲಿ ದೊಡ್ಡ ಸಂಗತಿಯಲ್ಲ. ಆದರೆ ಈ ಹಾಡಿನ ಮೇಲೆ ಹೈದರಾಬಾದಿಗೆ ಇರುವುದು ಬರೀ ಮೆಚ್ಚುಗೆಯಲ್ಲ, ಹಕ್ಕು. ಕವಿ ಈ ಊರಿನವರು, ಗಾಯಕ ಈ ಊರಿನವರು, ಚಿತ್ರದ ಕಥೆ ನಡೆಯುವುದೂ ಈ ಊರಿನಲ್ಲಿ. ಹಾಡಿನ ನಿಧಾನವೂ ತಮ್ಮದೇ ಎಂದು ಇಲ್ಲಿನವರು ನಂಬುತ್ತಾರೆ. ಆ ನಂಬಿಕೆಯಲ್ಲಿ ಎಷ್ಟು ನಿಜವಿದೆ, ಈ ಹಾಡನ್ನು ಪ್ರೀತಿಸುವವರು ಅದರಲ್ಲಿ ಏನನ್ನು ಕೇಳುತ್ತಾರೆ, ಏನನ್ನು ಕೇಳದೆ ಬಿಡುತ್ತಾರೆ ಎಂಬುದು ನೋಡತಕ್ಕ ವಿಷಯ.

ಕೆಂಪು ಕವಿಯ ಹೂವು

ಮಖ್ದೂಮ್ ಹುಟ್ಟಿದ್ದು 1908ರ ಫೆಬ್ರವರಿ 4ರಂದು, ಮೆದಕ್ ಸೀಮೆಯ ಅಂದೋಲಿನಲ್ಲಿ. ಚಿಕ್ಕಂದಿನಲ್ಲೇ ತಂದೆ ತೀರಿಕೊಂಡರು. ಬೆಳೆದದ್ದು ಚಿಕ್ಕಪ್ಪನ ಮನೆಯಲ್ಲಿ. ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಉರ್ದು ಎಂ.ಎ. ಮಾಡಿ, ಹೈದರಾಬಾದಿನ ಸಿಟಿ ಕಾಲೇಜಿನಲ್ಲಿ ಪಾಠ ಹೇಳಿದರು. ಆ ಕೆಲಸ ಬಹುಕಾಲ ಉಳಿಯಲಿಲ್ಲ. ರಾಜೀನಾಮೆ ಕೊಟ್ಟು ಪೂರ್ಣಾವಧಿಯ ಕಮ್ಯುನಿಸ್ಟ್ ಕಾರ್ಯಕರ್ತರಾದರು. ಕಾರ್ಮಿಕ ಸಂಘಗಳನ್ನು ಕಟ್ಟಿದರು. 1946ರಿಂದ 1951ರವರೆಗೆ ನಡೆದ ತೆಲಂಗಾಣದ ರೈತ ಹೋರಾಟದ ಕಾಲದಲ್ಲಿ ಭೂಗತರಾಗಿದ್ದರು, ಜೈಲು ಕಂಡರು. ಆಮೇಲೆ ಶಾಸನ ಸಭೆಗೂ ಆಂಧ್ರ ಪ್ರದೇಶದ ವಿಧಾನ ಪರಿಷತ್ತಿಗೂ ಹೋದರು.

ಇಷ್ಟರ ನಡುವೆ ಬರೆದದ್ದು ತೀರ ಕಡಿಮೆ. 1944ರಲ್ಲಿ ‘ಸುರ್ಖ್ ಸವೇರಾ’, 1961ರಲ್ಲಿ ‘ಗುಲ್-ಎ-ತರ್’, 1966ರಲ್ಲಿ ‘ಬಿಸಾತ್-ಎ-ರಕ್ಸ್’. ಮೊದಲ ಸಂಕಲನದ ಹೆಸರಿನಲ್ಲಿ ಕೆಂಪು ಮುಂಜಾವು, ಎರಡನೆಯದರಲ್ಲಿ ಹಸಿಹೂವು, ಮೂರನೆಯದರಲ್ಲಿ ನರ್ತನದ ಹಾಸು. ಈ ಮೂರು ಹೆಸರುಗಳಲ್ಲೇ ಅವರ ಕಾವ್ಯದ ದಾರಿ ಕಾಣುತ್ತದೆ. ತರುಣ ಮಖ್ದೂಮ್ ನಜ್ಮ್ ಬರೆದವರು. ಗಜಲಿಗೆ ಅವರು ಬಂದದ್ದು ತಡವಾಗಿ, ಹೋರಾಟ ಮುಗಿದು ಜೈಲಿನಿಂದ ಹೊರಬಂದ ಮೇಲಿನ ವರ್ಷಗಳಲ್ಲಿ. ಪ್ರಗತಿಶೀಲರಲ್ಲಿ ಹಲವರಿಗೆ ಗಜಲ್ ದರ್ಬಾರಿನ ಹಳೆಯ ಸಾಮಾನು ಎನಿಸುತ್ತಿದ್ದ ಕಾಲ ಅದು. ಊರಿನ ಕೆಂಪು ಕವಿಯೇ ಹೂವು, ಇರುಳು, ಕಣ್ಣು, ಬಟ್ಟಲು ಎಂದು ಗಜಲ್ ಬರೆದಾಗ ಕೇಳುಗರಿಗೆ ಅದು ಸೋಲಿನ ಹಾಗೆ ಕಾಣಲಿಲ್ಲ. ಅವರ ಕ್ರಾಂತಿಯ ಪದ್ಯಗಳಲ್ಲೂ ಮಲ್ಲಿಗೆಯ ಚಪ್ಪರವಿತ್ತು.

‘ಬಿಸಾತ್-ಎ-ರಕ್ಸ್’ಗೆ 1969ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅದೇ ವರ್ಷದ ಆಗಸ್ಟ್ 25ರಂದು ಮಖ್ದೂಮ್ ದೆಹಲಿಯಲ್ಲಿ ತೀರಿಕೊಂಡರು. ಅಂದರೆ ಇವತ್ತು ಲಕ್ಷಾಂತರ ಜನ ಅವರನ್ನು ಯಾವ ಹಾಡಿನಿಂದ ಬಲ್ಲರೋ ಆ ಹಾಡನ್ನು ಅವರು ಕೇಳಲೇ ಇಲ್ಲ. ‘ಬಾಜಾರ್’ ಬಂದದ್ದು ಅವರು ಹೋಗಿ ಹದಿಮೂರು ವರ್ಷಗಳ ಮೇಲೆ.

ಅವರ ಪದ್ಯ ಸಿನಿಮಾಕ್ಕೆ ಹೋದದ್ದು ಅದೇ ಮೊದಲೂ ಅಲ್ಲ. 1960ರ ‘ಉಸ್ನೇ ಕಹಾ ಥಾ’ ಚಿತ್ರದಲ್ಲಿ ಸಲಿಲ್ ಚೌಧುರಿ ಅವರ ಯುದ್ಧವಿರೋಧಿ ಗೀತೆಯೊಂದನ್ನು ಬಳಸಿದ್ದರು. 1964ರ ‘ಚಾ ಚಾ ಚಾ’ದಲ್ಲಿ ಮಲ್ಲಿಗೆ ಚಪ್ಪರದ ಪದ್ಯವೇ ಹಾಡಾಯಿತು. 1978ರ ‘ಗಮನ್’ ಚಿತ್ರದಲ್ಲಿ ಜಯದೇವ್ ಸಂಯೋಜಿಸಿದ ಅವರ ಗಜಲನ್ನು ಹಾಡಿ ಛಾಯಾ ಗಂಗೂಲಿ ರಾಷ್ಟ್ರಪ್ರಶಸ್ತಿ ಪಡೆದರು. ಆ ಗಜಲಿನ ಛಂದಸ್ಸು, ಪ್ರಾಸಗಳನ್ನೇ ಹಿಡಿದು ಫೈಜ್ ಅಹ್ಮದ್ ಫೈಜ್ ಮಖ್ದೂಮರ ನೆನಪಿಗೆ ಇನ್ನೊಂದು ಗಜಲ್ ಬರೆದರು. ಉರ್ದುವಿನಲ್ಲಿ ಸತ್ತ ಗೆಳೆಯನಿಗೆ ಸಲ್ಲಿಸುವ ದೊಡ್ಡ ಗೌರವವೆಂದರೆ ಅವನು ಉತ್ತ ನೆಲದಲ್ಲೇ ಬಿತ್ತುವುದು. ಅದಕ್ಕೆ ಅವರು ‘ಜಮೀನ್’ ಎಂದೇ ಕರೆಯುತ್ತಾರೆ.

ಹದಿನೇಳು ಮಾತ್ರೆ

ಈ ಗಜಲಿನ ನಿಧಾನ ರಾಗದಿಂದ ಬಂದದ್ದು ಎಂದು ಬಹಳ ಜನ ತಿಳಿಯುತ್ತಾರೆ. ಅದರ ಬೀಜ ಪದ್ಯದಲ್ಲೇ ಇದೆ.

ಇದರ ಛಂದಸ್ಸು ಉರ್ದುವಿನಲ್ಲಿ ‘ಖಫೀಫ್’ ಎಂದು ಹೆಸರಾದ ಚಿಕ್ಕ ಬಂಧ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಗುರು-ಲಘು-ಗುರು-ಗುರು, ಆಮೇಲೆ ಲಘು-ಗುರು-ಲಘು-ಗುರು, ಕೊನೆಗೆ ಎರಡು ಗುರು. ಏಳು, ಆರು, ನಾಲ್ಕು, ಒಟ್ಟು ಹದಿನೇಳು ಮಾತ್ರೆ. ಭಾಮಿನಿ ಷಟ್ಪದಿಯ ಚಿಕ್ಕ ಸಾಲಿಗಿಂತ ಮೂರೇ ಮಾತ್ರೆ ಹೆಚ್ಚು. ಆದರೆ ಭಾಮಿನಿ ಮೂರು-ನಾಲ್ಕು, ಮೂರು-ನಾಲ್ಕು ಎಂದು ಸಮವಾಗಿ ಹೆಜ್ಜೆ ಹಾಕುತ್ತಾ ಮುಂದಕ್ಕೆ ನೂಕುತ್ತದೆ. ಕುಮಾರವ್ಯಾಸನನ್ನು ಗಮಕಿಗಳು ಓಡಿಸಿಕೊಂಡು ಹೋಗಬಲ್ಲದ್ದು ಅದರಿಂದಲೇ. ಖಫೀಫ್ ಹಾಗಲ್ಲ. ಅದು ಅಗಲವಾಗಿ ಹೊರಟು, ನಡುವೆ ಕುಲುಕಿ, ಕೊನೆಯ ಎರಡು ಗುರುಗಳ ಮೇಲೆ ಕುಳಿತುಬಿಡುತ್ತದೆ. ಗಾಲಿಬ್ ತನ್ನ ಹೃದಯವನ್ನೇ ‘ನಿನಗೇನಾಯಿತು’ ಎಂದು ಕೇಳುವ ಪ್ರಸಿದ್ಧ ಗಜಲಿನದೂ ಇದೇ ನಡೆ. ಸಾಲು ಚಿಕ್ಕದು, ಒಳಗೆ ಜಾಗ ಕಡಿಮೆ, ಹಾಗಾಗಿ ಪ್ರತಿ ಶಬ್ದಕ್ಕೂ ಭಾರ ಬೀಳುತ್ತದೆ. ಬೇಗ ಹಾಡಿದರೆ ಸಾಲು ಶುರುವಾಗುವುದರೊಳಗೆ ಮುಗಿದಿರುತ್ತದೆ. ಗಾಯಕ ನಿಧಾನಿಸಲೇಬೇಕು.

ಇನ್ನೊಂದು ಗುಟ್ಟು ಸಾಲಿನ ತುದಿಯಲ್ಲಿದೆ. ಹಳೆಗನ್ನಡದ ಪ್ರಾಸ ಸಾಲಿನ ಎರಡನೆಯ ಅಕ್ಷರದಲ್ಲಿ ಕೂತಿರುತ್ತದೆ. ಸಾಲು ಬಾಯಿ ತೆರೆಯುತ್ತಲೇ ಅದು ಕೇಳಿಸಿ ಆಗಿರುತ್ತದೆ. ಆಮೇಲೆ ಉಳಿಯುವುದು ಕಥೆ. ಗಜಲಿನ ಕೇಳುಗ ಕಿವಿ ನೆಡುವುದು ಸಾಲಿನ ಕೊನೆಗೆ. ಅಲ್ಲಿ ಎರಡು ಸಂಗತಿಗಳು ಜೋಡಿಯಾಗಿ ಬರುತ್ತವೆ. ಮೊದಲು ಬದಲಾಗುವ ಪ್ರಾಸಪದ, ಅದು ಕಾಫಿಯಾ. ಅದರ ಬೆನ್ನಿಗೇ ಬದಲಾಗದ ಪದ, ಅದು ರದೀಫ್. ಈ ಗಜಲಿನಲ್ಲಿ ರದೀಫು ‘ಹೂಗಳ’ ಎಂಬರ್ಥದ ಎರಡು ಪದ. ಕಾಫಿಯಾ ‘ರಾತ್’, ‘ಬಾತ್’ ಎಂಬಂಥ ‘ಆತ್’ ದನಿಯ ಪದ. ಶೇರ್‌ನ ಎರಡನೆಯ ಸಾಲು ಅರ್ಧಕ್ಕೆ ಬಂದಾಗ ಮುಂದಿನದು ಹೂಗಳದ್ದೇ ಎಂದು ಸಭೆಗೆ ಗೊತ್ತಿರುತ್ತದೆ. ಗೊತ್ತಿಲ್ಲದ್ದು ಒಂದೇ: ಹೂಗಳ ಏನು? ಇರುಳೋ, ಮಾತೋ, ದಿಬ್ಬಣವೋ, ಬಾಳೋ? ಆ ಒಂದು ಪದವನ್ನು ಗಾಯಕ ಎಷ್ಟು ಹೊತ್ತು ಬಚ್ಚಿಡುತ್ತಾನೆ ಎಂಬುದರ ಮೇಲೆ ಮೆಹಫಿಲ್ ನಿಂತಿರುತ್ತದೆ. ಅದು ಬಿದ್ದ ಕ್ಷಣ, ರದೀಫನ್ನು ಸಭೆಯೇ ಮುಗಿಸುತ್ತದೆ.

ಇದರೊಳಗೆ ವ್ಯಾಕರಣದ ಚಂದವೂ ಒಂದಿದೆ. ಉರ್ದುವಿನಲ್ಲಿ ನಿರ್ಜೀವ ವಸ್ತುಗಳಿಗೂ ಲಿಂಗವುಂಟು. ರದೀಫಿನ ‘ಕೀ’ ಸ್ತ್ರೀಲಿಂಗದ ಪ್ರತ್ಯಯ. ಹಾಗಾಗಿ ಅದರ ಹಿಂದೆ ಬಂದು ನಿಲ್ಲುವ ಇರುಳು, ಮಾತು, ದಿಬ್ಬಣ, ಬಾಳು ಎಲ್ಲವೂ ಸ್ತ್ರೀಲಿಂಗವೇ ಆಗಿರಬೇಕು, ಆಗಿವೆ. ಒಂದು ಶೇರ್‌ನ ಮೊದಲ ಸಾಲಿನಲ್ಲಿ ಮಾತ್ರ, ಪ್ರಾಸದ ಕಟ್ಟು ಇಲ್ಲದ ಜಾಗದಲ್ಲಿ, ಮಖ್ದೂಮ್ ಪುಲ್ಲಿಂಗದ ‘ಕಾ’ ತಂದು ಮರುಸಾಲಿಗೆ ‘ಕೀ’ಗೆ ಮರಳುತ್ತಾರೆ. ಆ ಶೇರ್ ಇಬ್ಬರ ಒಡನಾಟವನ್ನು ಕುರಿತದ್ದು. ಕಾ ಎಂಬಲ್ಲಿ ಒಬ್ಬರು, ಕೀ ಎಂಬಲ್ಲಿ ಇನ್ನೊಬ್ಬರು ಇರುವಂತೆ ಕೇಳಿಸುತ್ತದೆ. ಕನ್ನಡದಲ್ಲಿ ಇರುಳಿಗೂ ಮಾತಿಗೂ ಲಿಂಗವಿಲ್ಲ, ಎಲ್ಲವೂ ‘ಅದು’. ಈ ಗಜಲನ್ನು ಕನ್ನಡಕ್ಕೆ ತರಲು ಕೂತವರು ಮೊದಲು ಕಳೆದುಕೊಳ್ಳುವುದು ಇದನ್ನೇ.

ಕೇಳುವ ಊರು

ಒಂದು ಪದಕ್ಕಾಗಿ ಕಾಯುವ ಕಿವಿ ಸುಮ್ಮನೆ ಹುಟ್ಟುವುದಿಲ್ಲ. ಹೈದರಾಬಾದಿಗೆ ಅದು ಎರಡು ಶತಮಾನಗಳ ಅಭ್ಯಾಸ. ಉರ್ದುವಿನಲ್ಲಿ ಇಡೀ ದೀವಾನ್ ಬಿಟ್ಟುಹೋದ ಮೊದಲ ಕವಯಿತ್ರಿಯರಲ್ಲಿ ಎಣಿಸಲಾಗುವ ಮಹ್‌ಲಖಾ ಬಾಯಿ ಚಂದಾ ಈ ಊರಿನ ಗಾಯಕಿ. ಮೌಲಾ ಅಲಿ ಗುಡ್ಡದ ತಪ್ಪಲಲ್ಲಿ ಆಕೆಯ ಗೋರಿಯಿದೆ. ದೆಹಲಿಯ ಕವಿ ದಾಗ್ ಆರನೆಯ ನಿಜಾಮನ ಉಸ್ತಾದನಾಗಿ ಇಲ್ಲಿ ಬಂದು ನೆಲೆಸಿ, 1905ರಲ್ಲಿ ಇಲ್ಲೇ ಮಣ್ಣಾದರು. 1918ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯ ಉರ್ದು ಮಾಧ್ಯಮದಲ್ಲಿ ಶುರುವಾದಾಗ, ಅದಕ್ಕೆ ಪಠ್ಯ ಒದಗಿಸಲು ಇದ್ದ ಅನುವಾದ ಶಾಲೆ ಉತ್ತರದ ಕವಿ-ವಿದ್ವಾಂಸರನ್ನು ಎಳೆದು ತಂದಿತು. ಜೋಷ್ ಮಲಿಹಾಬಾದಿ ಅಲ್ಲಿ ಕೆಲಸ ಮಾಡಿದವರು.

ಕೊನೆಯ ನಿಜಾಮನ ಎರಡನೆಯ ಮಗ ಮೊಅಜ್ಜಮ್ ಜಾಹ್ ತಾನೇ ‘ಶಜೀ’ ಎಂಬ ಹೆಸರಿನಲ್ಲಿ ಗಜಲ್ ಬರೆಯುತ್ತಿದ್ದ. ಅವನ ದರ್ಬಾರು ರಾತ್ರಿ ಶುರುವಾಗಿ ಬೆಳಗಿನ ಜಾವಕ್ಕೆ ಏಳುತ್ತಿತ್ತು. ಅಲ್ಲಿ ಎಳೆಯ ವಯಸ್ಸಿನಲ್ಲೇ ಹಾಡಲು ಸೇರಿದವರು ವಿಠ್ಠಲ ರಾವ್. ದರ್ಬಾರು ಹೋಗಿ, ರಾಜ್ಯ ಹೋಗಿ, ರೇಡಿಯೋ, ಕ್ಯಾಸೆಟ್ಟು, ಟೀವಿ ಬಂದರೂ 2015ರಲ್ಲಿ ತೀರಿಕೊಳ್ಳುವವರೆಗೆ ಅವರು ಹೈದರಾಬಾದಿನ ಗಜಲ್ ಗಾಯನದ ಹಿರಿಯರಾಗಿ ಉಳಿದರು. ಇಡೀ ರಾತ್ರಿ ಕೈಯಲ್ಲಿದ್ದವರಿಗೆ ಹಾಡಿ ಕಲಿತ ಗಾಯನ ಅದು. ಅವಸರ ಅದಕ್ಕೆ ಗೊತ್ತೇ ಇರಲಿಲ್ಲ. ಬಡೇ ಗುಲಾಮ್ ಅಲಿ ಖಾನ್ ತಮ್ಮ ಕೊನೆಯ ದಿನಗಳನ್ನು ಬಶೀರ್‌ಬಾಗ್ ಅರಮನೆಯಲ್ಲಿ ಕಳೆದು 1968ರಲ್ಲಿ ಇಲ್ಲೇ ಕಣ್ಣು ಮುಚ್ಚಿದರು. ಅಜೀಜ್ ಅಹ್ಮದ್ ಖಾನ್ ವಾರಸಿಯವರ ಕವ್ವಾಲಿಗೆ ದರ್ಗಾಗಳಲ್ಲಿ ಜನ ಕೂತು ಬೆಳಗು ಮಾಡುತ್ತಿದ್ದರು.

ಮುಶಾಯಿರಾಗಳು ಈ ಕಿವಿಯನ್ನು ಅರಮನೆಯಿಂದ ಬೀದಿಗೆ ತಂದವು. ಅಲ್ಲಿ ಕವಿ ಮೊದಲ ಸಾಲನ್ನು ಎರಡು ಸಲ, ಮೂರು ಸಲ ಹೇಳುತ್ತಾನೆ. ಕೇಳುಗರು ಸಾಲನ್ನು ತಾವೇ ಎತ್ತಿಕೊಂಡು ಮರಳಿ ಹೇಳುತ್ತಾರೆ. ಆಮೇಲೆ ಮಾತ್ರ ಎರಡನೆಯ ಸಾಲು. ಮೆಚ್ಚಿದರೆ ‘ಮುಕರ್ರರ್’, ಅಂದರೆ ಮತ್ತೊಮ್ಮೆ. ಈ ಕೊಡುಕೊಳ್ಳುವಿಕೆಗೆ ದಾದ್ ಎಂದು ಹೆಸರು. ಪುಸ್ತಕ ಕೊಳ್ಳಲು ಕಾಸಿಲ್ಲದವರೂ, ಓದು ಬಾರದವರೂ ದಾದ್ ಕೊಡುವುದರಲ್ಲಿ ಪಳಗಿದ್ದರು. ಇಂದಿನ ಗಜಲ್ ಕಚೇರಿಯಲ್ಲಿ ಹಾಡು ನಿಲ್ಲಿಸಿ ಶೇರ್‌ನ ಅರ್ಥ ಹೇಳುವ, ಕೂಗಿದವರಿಗೆ ತಲೆಬಾಗುವ, ಒಂದೇ ಸಾಲಿಗೆ ಮರಳುವ ಪದ್ಧತಿಯೆಲ್ಲ ಮುಶಾಯಿರಾದ ಬಳುವಳಿ.

ಒಂದು ದನಿ ಎರಡಾಗಿ, ಮತ್ತೆ ಒಂದಾಗಿ

ಸಾಗರ್ ಸರಹದಿ ಉರ್ದು ಕಥೆಗಾರ, ನಾಟಕಕಾರ. ‘ಕಭೀ ಕಭೀ’, ‘ಸಿಲ್ಸಿಲಾ’ ಚಿತ್ರಗಳಿಗೆ ಬರೆದು ಹೆಸರಾದವರು. ತಾವೇ ನಿರ್ದೇಶಿಸಿದ ಮೊದಲ ಚಿತ್ರ ‘ಬಾಜಾರ್’ಗೆ ಅವರು ಸಿನಿಮಾ ಗೀತಕಾರರನ್ನು ನೆಚ್ಚಿಕೊಳ್ಳದೆ ಕವಿಗಳ ಬಳಿಗೆ ಹೋದರು. ಹದಿನೆಂಟನೆಯ ಶತಮಾನದ ಮೀರ್, ಹತ್ತೊಂಬತ್ತನೆಯ ಶತಮಾನದ ಮಿರ್ಜಾ ಶೌಕ್, ಔರಂಗಾಬಾದಿನ ಬಶರ್ ನವಾಜ್, ಹೈದರಾಬಾದಿನ ಮಖ್ದೂಮ್. ಖಯ್ಯಾಮ್ ಆಗಷ್ಟೇ ‘ಉಮ್ರಾವ್ ಜಾನ್’ ಮುಗಿಸಿದ್ದರು. ಪದ್ಯವನ್ನು ತನ್ನಷ್ಟಕ್ಕೆ ಉಸಿರಾಡಲು ಬಿಡುವುದು ಅವರ ರೀತಿ; ವಾದ್ಯಗಳು ಶಬ್ದದ ದಾರಿಗೆ ಅಡ್ಡ ಬರುವುದಿಲ್ಲ.

ತಲತ್ ಅಜೀಜ್ ಹೈದರಾಬಾದಿನ ಹುಡುಗ. ಕಿರಾಣಾ ಘರಾಣೆಯ ಉಸ್ತಾದರಲ್ಲಿ ಕಲಿತು, ಆಮೇಲೆ ಮೆಹದಿ ಹಸನ್ ಅವರ ಶಿಷ್ಯರಾದವರು. ಮೊದಲ ಧ್ವನಿಮುದ್ರಿಕೆಯನ್ನು ಲೋಕಕ್ಕೆ ಪರಿಚಯಿಸಿದವರು ಜಗಜಿತ್ ಸಿಂಗ್. ಕಿರಾಣಾ ಎಂದೊಡನೆ ಕನ್ನಡಿಗರ ಕಿವಿ ನಿಮಿರುವುದು ಸಹಜ. ಅಬ್ದುಲ್ ಕರೀಮ್ ಖಾನರಿಂದ ಸವಾಯಿ ಗಂಧರ್ವರಿಗೆ, ಅವರಿಂದ ಗಂಗೂಬಾಯಿ ಹಾನಗಲ್ ಮತ್ತು ಭೀಮಸೇನ ಜೋಶಿಯವರಿಗೆ ಇಳಿದು ಬಂದ ಅದೇ ಮನೆತನ. ಒಂದು ಸ್ವರವನ್ನು ಪೂರ್ತಿ ಬೆಳಗುವ ಮುಂಚೆ ಮುಂದಿನದಕ್ಕೆ ಹೋಗಬಾರದು ಎಂಬುದು ಆ ಮನೆಯ ಶಿಸ್ತು. ಧಾರವಾಡದಲ್ಲಿ ಅದು ವಿಳಂಬಿತ್ ಖಯಾಲಾಯಿತು, ಹೈದರಾಬಾದಿನ ಹುಡುಗನ ಗಂಟಲಲ್ಲಿ ಗಜಲಿಗೆ ಒದಗಿತು.

ಬರೆದಾಗ ಈ ಗಜಲ್ ಒಬ್ಬನ ದನಿ. ಚಿತ್ರ ಅದನ್ನು ಫಾರೂಕ್ ಶೇಖ್ ಮತ್ತು ಸುಪ್ರಿಯಾ ಪಾಠಕ್ ನಟಿಸಿದ ಇಬ್ಬರು ಪ್ರೇಮಿಗಳಿಗೆ ಹಂಚಿತು. ವೇದಿಕೆಯ ಮೇಲೆ ತಲತ್ ಅಜೀಜ್ ಒಬ್ಬರೇ ಹಾಡುವಾಗ ಅದು ಮತ್ತೆ ಒಂದೇ ದನಿಯಾಗುತ್ತದೆ. ಅಭಿಮಾನಿಗಳಲ್ಲಿ ಎರಡು ಪಂಗಡಗಳು ಹುಟ್ಟುವುದು ಇಲ್ಲೇ. ಒಂದು ಪಂಗಡಕ್ಕೆ ಕ್ಯಾಸೆಟ್ಟಿನಲ್ಲಿ ಇದ್ದದ್ದೇ ಬೇಕು: ಲತಾ ಎತ್ತಿಕೊಳ್ಳುವ ಜಾಗ, ನಡುವಿನ ವಾದ್ಯದ ತುಣುಕು, ಎಲ್ಲವೂ ಇದ್ದ ಹಾಗೆ. ಲತಾ ಭಾಗ ಬಂದಾಗ ಅವರು ಕಣ್ಣು ಮುಚ್ಚಿ ಒಳಗೇ ಆ ದನಿಯನ್ನು ಕೂಡಿಸಿಕೊಳ್ಳುತ್ತಾರೆ. ಇನ್ನೊಂದು ಪಂಗಡ ಬರುವುದು ಕ್ಯಾಸೆಟ್ಟಿನಲ್ಲಿ ಇಲ್ಲದ್ದಕ್ಕೆ. ಮೊದಲ ಸಾಲನ್ನು ಗಾಯಕ ಎಷ್ಟು ಬಗೆಯಲ್ಲಿ ತಿರುಗಿಸುತ್ತಾನೆ, ತಬಲಾ ಎಲ್ಲಿ ಸುಮ್ಮನಾಗುತ್ತದೆ, ‘ಇರುಳು’ ಎಂಬ ಪದ ಒಮ್ಮೆ ಗೆಲುವಿನಿಂದ, ಇನ್ನೊಮ್ಮೆ ದಣಿವಿನಿಂದ ಹೇಗೆ ಬರುತ್ತದೆ ಎಂದು ನೋಡಲು. ಸಿನಿಮಾದ ಹಾಡಿಗೆ ಒಂದು ರೀಲಿನ ಅಳತೆಯಿತ್ತು. ಮೆಹಫಿಲಿಗೆ ಅದಿಲ್ಲ. ಅಲ್ಲಿ ಪದ್ಯ ತನ್ನ ಹಳೆಯ ಅಳತೆಗೆ, ಮುಶಾಯಿರಾದ ಅಳತೆಗೆ ಮರಳುತ್ತದೆ.

ಈ ಎರಡು ಪಂಗಡಗಳ ಜಗಳ ಹಳೆಯದು, ತೀರುವಂಥದ್ದಲ್ಲ. ಮುದ್ರಿತ ಹಾಡನ್ನು ಪ್ರೀತಿಸುವವರು ಒಂದು ವರ್ಷವನ್ನು, ಒಂದು ವಯಸ್ಸನ್ನು ಕಾಯ್ದಿಟ್ಟುಕೊಂಡಿರುತ್ತಾರೆ. ಅದು ಅಲುಗಿದರೆ ತಮ್ಮದೇನೋ ಕಳೆದಂತೆ. ವೇದಿಕೆಯ ಹಾಡನ್ನು ಪ್ರೀತಿಸುವವರಿಗೆ ಹಾಡು ಇನ್ನೂ ಮುಗಿದಿಲ್ಲ. ಕಂಠಕ್ಕೆ ವಯಸ್ಸಾಗಿ, ತಾರಸ್ಥಾಯಿ ಇಳಿದು, ಉಸಿರು ಚಿಕ್ಕದಾದಾಗ ನಿಧಾನದ ಹಾಡು ಮಾತ್ರ ಗಾಯಕನ ಕೈಬಿಡುವುದಿಲ್ಲ ಎಂಬುದನ್ನು ಇಬ್ಬರೂ ಒಪ್ಪುತ್ತಾರೆ.

ಬಾಜಾರಿನಲ್ಲಿ ಏನು ಮಾರಾಟವಾಗುತ್ತಿತ್ತು

ಈ ಹಾಡನ್ನು ಈಗ ಮದುವೆಮನೆಗಳ ಸಂಗೀತ ಸಂಜೆಯಲ್ಲೂ ಹಾಡಿಸುತ್ತಾರೆ. ಹೂವು, ಹಾರ, ದಿಬ್ಬಣ, ಇರುಳು ಎಲ್ಲವೂ ಇರುವಾಗ ಅದಕ್ಕಿಂತ ಒಪ್ಪುವ ಹಾಡು ಯಾವುದು ಎನಿಸುವುದು ನ್ಯಾಯವೇ. ಚಿತ್ರ ನೋಡಿದವರಿಗೆ ಮಾತ್ರ ಒಳಗೆ ಚುಚ್ಚುತ್ತದೆ.

‘ಬಾಜಾರ್’ ಒಂದು ಮದುವೆಯ ಕಥೆ. ಗಲ್ಫಿನಲ್ಲಿ ದುಡಿದು ಹಣ ಮಾಡಿದ ನಡುವಯಸ್ಸಿನ ಶಾಕಿರ್ ಖಾನ್ ಎಳೆಯ ಹೆಂಡತಿಯನ್ನು ಹುಡುಕಿಕೊಂಡು ಹೈದರಾಬಾದಿಗೆ ಬರುತ್ತಾನೆ. ಹುಡುಗಿಯನ್ನು ಗೊತ್ತುಮಾಡಿಕೊಡುವ ಹೊಣೆ ಬೀಳುವುದು ಸ್ಮಿತಾ ಪಾಟೀಲ್ ಪಾತ್ರ ನಜ್ಮಾಳ ಮೇಲೆ. ಅವಳ ಸ್ವಂತ ಮದುವೆಯೇ ಅವನ ಔದಾರ್ಯಕ್ಕೆ ಕಟ್ಟುಬಿದ್ದಿದೆ. ಅವನ ಕಣ್ಣು ಬೀಳುವುದು ಬಡಮನೆಯ ಶಬ್ನಮ್ ಮೇಲೆ. ಅವಳು ಸರ್ಜೂವನ್ನು ಪ್ರೀತಿಸುತ್ತಿದ್ದಾಳೆ ಎಂದು ನಜ್ಮಾಳಿಗೆ ಗೊತ್ತಾಗುವ ಹೊತ್ತಿಗೆ ಮಾತುಕತೆ ಮುಗಿದಿರುತ್ತದೆ. ಹಣ ಮನೆಯವರ ಕೈ ಸೇರುತ್ತದೆ, ನಿಕಾಹ್ ಆಗುತ್ತದೆ, ಶಬ್ನಮ್ ಪ್ರಾಣ ಬಿಡುತ್ತಾಳೆ. ಸರ್ಜೂ ಮತ್ತು ಶಬ್ನಮ್ ಹಾಡುವ ಹಾಡು ‘ಫಿರ್ ಛಿಡೀ ರಾತ್’. ಅವರಿಗೆ ದಕ್ಕಿದ್ದು ಆ ಹಾಡಿನಷ್ಟು ಹೊತ್ತು ಮಾತ್ರ.

ಸರಹದಿ ಇದನ್ನು ಗಾಳಿಯಿಂದ ಹೆಣೆದಿರಲಿಲ್ಲ. ಎಪ್ಪತ್ತರ ದಶಕದ ಎಣ್ಣೆಯ ಹಣದೊಂದಿಗೆ ಹಳೆ ಶಹರಿನ ಬಡ ಮೊಹಲ್ಲಾಗಳಿಗೆ ದಲ್ಲಾಳಿಗಳು ಬಂದರು. ಮದುಮಗನಿಗೆ ಅರುವತ್ತು, ಮದುಮಗಳಿಗೆ ಹದಿನಾರೂ ತುಂಬಿಲ್ಲ ಎಂಬಂಥ ನಿಕಾಹ್‌ಗಳು ನಡೆದವು. ಚಿತ್ರ ಬಂದು ಒಂಬತ್ತು ವರ್ಷಗಳ ಮೇಲೆ, 1991ರಲ್ಲಿ, ವಿಮಾನದಲ್ಲಿ ಅಳುತ್ತಾ ಕೂತಿದ್ದ ಹೈದರಾಬಾದಿನ ಹತ್ತು ವರ್ಷದ ಹುಡುಗಿಯೊಬ್ಬಳನ್ನು ಗಗನಸಖಿಯೊಬ್ಬರು ಗಮನಿಸಿ ಮಾತಾಡಿಸಿದರು. ಪಕ್ಕದಲ್ಲಿದ್ದ ಅರುವತ್ತರ ಸೌದಿ ಪ್ರಜೆ ಅವಳ ಗಂಡನೆಂದು ತಿಳಿಯಿತು. ಇಡೀ ದೇಶ ಆ ಸುದ್ದಿಗೆ ಬೆಚ್ಚಿತು. 2017ರಲ್ಲೂ ಹೈದರಾಬಾದಿನ ಪೊಲೀಸರು ಇಂಥದೇ ಜಾಲವೊಂದನ್ನು ಭೇದಿಸಿ ಗಲ್ಫ್ ದೇಶಗಳ ಪ್ರಜೆಗಳನ್ನೂ ಖಾಜಿಗಳನ್ನೂ ದಲ್ಲಾಳಿಗಳನ್ನೂ ಬಂಧಿಸಿದರು. ಹಾಡು ಮೂವತ್ತೈದು ವರ್ಷ ಹಳೆಯದಾಗಿತ್ತು, ಬಾಜಾರು ಮುಚ್ಚಿರಲಿಲ್ಲ.

ಗಜಲಿನ ಕೊನೆಯ ಶೇರ್ ಇಲ್ಲಿ ನೆನಪಾಗುತ್ತದೆ. ಘಮಘಮಿಸುವ ತನ್ನ ಗಜಲನ್ನು ಕವಿ ಅಲ್ಲಿ ಮರುಭೂಮಿಗೆ ಬಂದ ಹೂವಿನ ಇರುಳಿಗೆ ಹೋಲಿಸುತ್ತಾನೆ. ಮರುಭೂಮಿ ಎಂದರೆ ‘ಸಹರಾ’. ಮದುಮಗನ ಮುಖದ ಮೇಲೆ ಇಳಿಬಿಡುವ ಹೂವಿನ ಮುಸುಕು ‘ಸೆಹರಾ’. ಉರ್ದು ಲಿಪಿಯಲ್ಲಿ ಎರಡರ ಅಕ್ಷರಗಳೂ ಬೇರೆ, ಗೊಂದಲಕ್ಕೆ ಎಡೆಯಿಲ್ಲ. ಹಾಡು ಕೇಳುವಾಗ ಎರಡರ ನಡುವೆ ಕೂದಲೆಳೆಯ ಅಂತರ. ಪದ್ಯ ಓದದೆ ಹಾಡನ್ನು ಮಾತ್ರ ಬಲ್ಲವರು ಸೆಹರಾ ಎಂದೇ ಕೇಳಿಸಿಕೊಂಡು, ಮದುವೆಯ ಹಾಡೆಂದು ನಂಬುವುದು ಅದಕ್ಕೇ. ಮಖ್ದೂಮ್ ಬರೆದಾಗ ಗಲ್ಫಿನ ಮದುಮಗರು ಈ ಊರಿನ ಕಥೆಯಾಗಿರಲಿಲ್ಲ. ಅವರ ಮರುಭೂಮಿ ಉರ್ದು ಕಾವ್ಯದ ಹಳೆಯ ಮರುಭೂಮಿ, ಮಜ್ನು ಅಲೆದ ಜಾಗ. ‘ಬಾಜಾರ್’ ಆ ಪದಕ್ಕೆ ನಕಾಶೆಯ ಮೇಲೆ ಜಾಗ ತೋರಿಸಿತು. ಹೂವುಗಳನ್ನು ಕೊಂಡೊಯ್ಯುವ ಮರುಭೂಮಿ ಯಾವುದೆಂದು ಹೈದರಾಬಾದಿನ ಕೇಳುಗರಿಗೆ ಆಮೇಲೆ ಬಿಡಿಸಿ ಹೇಳಬೇಕಾಗಲಿಲ್ಲ.

ಹಾಗೆಂದು ಮದುವೆಮನೆಯಲ್ಲಿ ಇದನ್ನು ಹಾಡಿಸುವವರನ್ನು ತಪ್ಪೆನ್ನಲಾಗದು. ಗಜಲಿನ ಪ್ರತಿ ಶೇರ್ ತನ್ನ ಕಾಲ ಮೇಲೆ ತಾನು ನಿಂತಿರುತ್ತದೆ. ಅದನ್ನು ಕಥೆಯಿಂದ ಕಿತ್ತು ಬೇರೆಡೆ ನೆಡಬಹುದು. ಸಿನಿಮಾಕ್ಕೆ ಅದು ಬಂದದ್ದೇ ಹಾಗೆ. ಆದರೆ ಬಹುಕಾಲದಿಂದ ಕೇಳುತ್ತಾ ಬಂದ ಅಭಿಮಾನಿಗಳು ಹಾಡಿನ ನಡುವೆ ಒಮ್ಮೊಮ್ಮೆ ಮೌನವಾಗುತ್ತಾರೆ. ಹಾಡು ವೇಗವಾಗಿದ್ದರೆ ಆ ಮೌನಕ್ಕೆ ಜಾಗವಿರುತ್ತಿರಲಿಲ್ಲ. ಸಂತಸದ ಶಬ್ದಗಳನ್ನು ಇಷ್ಟು ನಿಧಾನವಾಗಿ ಹಾಡಿದಾಗ ಸಂತಸ ಮುಗಿದುಹೋಗುವ ಹೆದರಿಕೆಯೂ ಅದರ ಜೊತೆಗೇ ಕೇಳಿಸುತ್ತದೆ.

ಗಡಿಯ ಈಚೆಗೆ

1956ರವರೆಗೆ ಬೀದರ, ಕಲಬುರಗಿ, ರಾಯಚೂರು ಹೈದರಾಬಾದ್ ರಾಜ್ಯದ ಭಾಗ. ಅಲ್ಲಿನ ಕನ್ನಡದ ಹುಡುಗರು ಉರ್ದುವಿನಲ್ಲಿ ಗಣಿತ ಕಲಿತರು, ಕೋರ್ಟಿನಲ್ಲಿ ಉರ್ದು ಕೇಳಿದರು, ಓದಲು ಉಸ್ಮಾನಿಯಾಕ್ಕೆ ಹೋದರು. ಹೈದರಾಬಾದಿನ ಕಾಚಿಗುಡದಲ್ಲಿ ಕನ್ನಡದ ಶಾಲೆಯೂ ಸಾಹಿತ್ಯ ಮಂದಿರವೂ ನೆಲೆಯೂರಿದವು. ಆಡಳಿತದ ಉರ್ದುವಿನ ಮೇಲೆ ಮುನಿಸಿದ್ದವರಿಗೂ ಗಜಲಿನ ಉರ್ದುವಿನ ಮೇಲೆ ಒಲವಿತ್ತು. ಆ ಒಲವು ಕನ್ನಡದಲ್ಲಿ ಬೆಳೆಯಾಗಿ ಬಂತು. ರಾಯಚೂರು ಸೀಮೆಯ ಶಾಂತರಸ ಹೆಂಬೇರಾಳು ಉರ್ದು ಗಜಲಿನ ನಿಯಮಗಳನ್ನು ಕನ್ನಡಕ್ಕೆ ವಿವರಿಸಿ, ತಾವೂ ಗಜಲ್ ಬರೆದರು. 2006ರಲ್ಲಿ ಬೀದರಿನ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ಅವರ ಮಗಳು ಎಚ್.ಎಸ್. ಮುಕ್ತಾಯಕ್ಕ ಆ ದಾರಿಯಲ್ಲಿ ಮುಂದೆ ಹೋದರು. ಇವತ್ತು ಕಲ್ಯಾಣ ಕರ್ನಾಟಕದಲ್ಲಿ ಗಜಲ್ ಬರೆಯುವವರ ಎಣಿಕೆ ಸಿಗದು.

ಅವರೆಲ್ಲರೂ ಎದುರಿಸಿದ ಪ್ರಶ್ನೆ ಒಂದೇ. ಸಾಲಿನ ಕೊನೆಯಲ್ಲಿ ಕನ್ನಡ ಕ್ರಿಯಾಪದವನ್ನು ಬೇಡುತ್ತದೆ, ಗಜಲ್ ಅಲ್ಲಿ ರದೀಫನ್ನು ಬೇಡುತ್ತದೆ. ‘ಹೂಗಳ’ ಎಂಬ ಷಷ್ಠಿಯನ್ನು ಸಾಲಿನ ತುದಿಗೆ ತಂದರೆ ಕನ್ನಡದ ಕಿವಿ ಮುಂದಿನ ಪದಕ್ಕೆ ಕಾಯುತ್ತದೆ. ‘ಹೂಗಳದು’ ಎಂದರೆ ಸಾಲು ನಿಲ್ಲುತ್ತದೆ, ಆದರೆ ತುಸು ಗಟ್ಟಿಯಾಗಿ, ತೀರ್ಪು ಕೊಟ್ಟಂತೆ ನಿಲ್ಲುತ್ತದೆ. ಉರ್ದುವಿನ ‘ಕೀ’ಯಲ್ಲಿ ಇರುವ ಬಾಗಿಲು ತೆರೆದಿಟ್ಟ ಭಾವ ಅದಕ್ಕಿಲ್ಲ. ಹಾಗಾಗಿ ಕಲಬುರಗಿಯ, ಬೀದರಿನ ಕೇಳುಗರು ಈ ಹಾಡನ್ನು ಅನುವಾದಕ್ಕೆ ಕಾಯದೆ ಇದ್ದ ಹಾಗೇ ಇಟ್ಟುಕೊಂಡಿದ್ದಾರೆ.

ಮಖ್ದೂಮರ ಗೋರಿ ನಾಂಪಲ್ಲಿಯ ಶಾಹ್ ಖಾಮೋಶ್ ದರ್ಗಾದ ಸ್ಮಶಾನದಲ್ಲಿದೆ. ಹಿಮಾಯತ್‌ನಗರದಲ್ಲಿ ಅವರ ಪಕ್ಷದ ಕಚೇರಿಗೆ ಅವರದೇ ಹೆಸರು. ತೊಂಬತ್ತರ ದಶಕದ ಆರಂಭದಲ್ಲಿ ದೂರದರ್ಶನದ ‘ಕಹಕಶಾಂ’ ಧಾರಾವಾಹಿಯಲ್ಲಿ ಅವರ ಪಾತ್ರ ಮಾಡಿದವರು ಆಗಿನ್ನೂ ಹೆಸರಾಗಿರದ ಇರ್ಫಾನ್ ಖಾನ್. ಇವುಗಳಲ್ಲಿ ಯಾವುದನ್ನೂ ಅರಿಯದ ಕೇಳುಗನಿಗೂ ಕವಿಯ ಹೆಸರು ಮಾತ್ರ ತಪ್ಪುವುದಿಲ್ಲ. ಗಜಲಿನ ಕೊನೆಯ ಶೇರ್‌ನಲ್ಲಿ ಕವಿ ತನ್ನ ಅಂಕಿತ ಇಡಬೇಕೆಂಬುದು ಹಳೆಯ ಕಟ್ಟಳೆ, ವಚನಕಾರರು ಮತ್ತು ದಾಸರು ಇಟ್ಟ ಹಾಗೆಯೇ. ಅವರದು ದೇವರ ಹೆಸರು, ಗಜಲಿನವರದು ತಮ್ಮದೇ ಹೆಸರು. ಸಿನಿಮಾದ ಹಾಡೂ ಆ ಶೇರನ್ನು ಉಳಿಸಿಕೊಂಡಿತು. ಹಾಗಾಗಿ ಗಾಯಕ ಹಾಡು ಮುಗಿಸಬೇಕಾದರೆ ‘ಮಖ್ದೂಮ್’ ಎಂದು ಹೇಳಲೇಬೇಕು. ಅರಬ್ಬಿಯಲ್ಲಿ ಆ ಪದದ ಅರ್ಥ ‘ಸೇವೆ ಪಡೆಯುವವನು’, ಒಡೆಯ. ಜೀವನವಿಡೀ ಒಡೆತನದ ವಿರುದ್ಧ ಬಡಿದಾಡಿದ ಮನುಷ್ಯ ಆ ಹೆಸರನ್ನು ಹೊತ್ತು ನಡೆದ. ಹೈದರಾಬಾದಿನ ಸಭೆ ಅದನ್ನು ಕೇಳಿದಾಗ ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಕೈಗಳು ಮೇಲೇಳುತ್ತವೆ. ಆ ದಾದ್ ಗಾಯಕನಿಗೂ ಸಲ್ಲುತ್ತದೆ. ಅರ್ಧಕ್ಕಿಂತ ಹೆಚ್ಚು, ಈ ಹಾಡನ್ನು ಒಮ್ಮೆಯೂ ಕೇಳದೆ ಹೋದವನಿಗೆ.